ಅಲುಗಾಡದ ಚುಕ್ಕೆ

ನಾವು ಬೀದರಿಗೆ ಬಂದದ್ದು 1994ರಲ್ಲಿ, ನಮ್ಮವರಿಗೆ ಬ್ಯಾಂಕಿನಲ್ಲಿ ವರ್ಗವಾದಾಗ. ಹಾಸನದ ಕಡೆಯ ಜಿಟಿಜಿಟಿ ಮಳೆಯಲ್ಲಿ ಬೆಳೆದ ನನಗೆ ಇಲ್ಲಿಯ ಬಿಸಿಲು ಮೊದಮೊದಲು ಶಿಕ್ಷೆಯೆನಿಸಿತು. ಆದರೆ ಹಪ್ಪಳ ಸಂಡಿಗೆ ಮಾಡುವವರಿಗೆ ಇಂಥ ಬಿಸಿಲು ವರವೇ ಸರಿ. ನಮ್ಮೂರಲ್ಲಿ ನಾಲ್ಕು ದಿನ ಒಣಗಬೇಕಾದ ಅರಳು ಸಂಡಿಗೆ ಇಲ್ಲಿ ಒಂದೂವರೆ ದಿನಕ್ಕೆ ಗರಿಗರಿ. ಅದನ್ನು ಕಾಗೆಗಳಿಂದ ಕಾಯಲು ಮಹಡಿಯ ನೆರಳಿನಲ್ಲಿ ಕುಳಿತಾಗಲೇ ನಾನು ವಿಮಾನ ನೋಡಲು ಕಲಿತದ್ದು.

ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಆಗ ಬೆಂಗಳೂರಿನ ಎಚ್‌ಎಎಲ್‌ನವರು ಕಟ್ಟಿದ ‘ಕಿರಣ್’ ವಿಮಾನಗಳು ನಮ್ಮ ತಲೆಯ ಮೇಲೆ ಹಾರುತ್ತಿದ್ದವು. 1996ರಲ್ಲಿ ‘ಸೂರ್ಯಕಿರಣ’ ಎಂಬ ಪ್ರದರ್ಶನದ ತಂಡ ಹುಟ್ಟಿಕೊಂಡದ್ದೂ ಇಲ್ಲಿಯೇ. ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರದಲ್ಲಿ ಅವು ಒಟ್ಟಾಗಿ ತಿರುಗುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದರೆ, ಪಕ್ಕದ ಮಹಡಿಯಿಂದ ನೆರೆಮನೆಯಾಕೆ, “ಏನ್ ನೋಡ್ಲತ್ತೀರಿ ಅಕ್ಕಾ, ಅಲ್ಲಿ ಕಾಗಿ ಬಂತು ನೋಡ್ರಿ” ಎಂದು ಕೂಗುತ್ತಿದ್ದರು. ಅಷ್ಟರಲ್ಲಿ ಕಾಗೆ ತನ್ನ ಪಾಲನ್ನು ತೆಗೆದುಕೊಂಡು ಹೋಗಿಯಾಗಿರುತ್ತಿತ್ತು. ಆಕಾಶ ನೋಡುವವರ ಸಂಡಿಗೆಗೆ ಯಾರು ಹೊಣೆ?

ಈ ಮಾತು ನೆನಪಾದದ್ದು ಬಹಳ ವರ್ಷಗಳ ಮೇಲೆ. 2019ರ ಬೇಸಿಗೆಯಲ್ಲಿ ನಮ್ಮಕ್ಕನ ಮಗಳು ಪುಟ್ಟಿ ನಾಲ್ಕು ದಿನ ಇರಲು ಬಂದಳು. ಬೆಂಗಳೂರಿನಲ್ಲಿ ವಿಮಾನಕ್ಕೆ ಸಂಬಂಧಿಸಿದ ಒಂದು ಕಚೇರಿಯಲ್ಲಿ ಅವಳು ಎಂಜಿನಿಯರು. ಏನು ಕೆಲಸ ಎಂದು ಕೇಳಿದರೆ ಇಷ್ಟು ದಿನ “ಡಿಸೈನು ಚಿಕ್ಕಮ್ಮ” ಎಂದು ಹಾರಿಸಿಬಿಡುತ್ತಿದ್ದಳು. ಈ ಸಲ ಮಹಡಿಯ ಮೇಲೆ ಇಬ್ಬರೇ ಇದ್ದಾಗ ಬಿಡದೆ ಕೇಳಿದೆ.

“ಯುದ್ಧವಿಮಾನದಲ್ಲಿ ಕೂತ ಪೈಲಟ್‌ಗೆ ಹೊರಗಡೆ ಚೆನ್ನಾಗಿ ಕಾಣೋ ಹಾಗೆ ನೋಡ್ಕೊಳ್ಳೋದು.”

“ಅಂದ್ರೆ ಕಿಟಕಿ ಇಡೋದು ಅನ್ನು. ಅದಕ್ಕೆ ಇಷ್ಟು ಓದಬೇಕಾಯ್ತೇ?” ಎಂದು ನಕ್ಕೆ.

ಅವಳು ನಗಲಿಲ್ಲ. ಕೆಳಗೆ ಹೋಗಿ ರಂಗೋಲಿ ಡಬ್ಬಿ ತಂದು ಮಹಡಿಯ ನೆಲದ ಮೇಲೆ ಒಂದು ಚುಕ್ಕಿಯಿಟ್ಟಳು. “ಇದು ಪೈಲಟ್‌ನ ಕಣ್ಣು. ಕಾಕ್‌ಪಿಟ್ ಶುರುವಾಗೋದು ಇಲ್ಲಿಂದ.”

ನಾನು ಅಲ್ಲಿಯವರೆಗೂ ತಿಳಿದದ್ದು, ವಿಮಾನವನ್ನು ಕಟ್ಟಿ ಕೊನೆಗೆ ಉಳಿದ ಜಾಗದಲ್ಲಿ ಒಬ್ಬನನ್ನು ಕೂಡಿಸುತ್ತಾರೆಂದು. ಹಾಗಲ್ಲವಂತೆ. ಕಣ್ಣು ಇರಬೇಕಾದ ಬಿಂದುವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಎಲ್ಲ ದಿಕ್ಕಿಗೂ ಗೆರೆ ಎಳೆಯುತ್ತಾರೆ. ಮೂತಿಯ ಮೇಲಿಂದ ಎಷ್ಟು ಕೆಳಗಿನವರೆಗೆ ಕಾಣಬೇಕು, ಪಕ್ಕದಲ್ಲಿ ಎಷ್ಟು ಕೆಳಗೆ, ಭುಜದ ಹಿಂದೆ ಎಷ್ಟು ದೂರ. ಮೂತಿಯ ಮೇಲಿನ ನೋಟ ಸಾಲದಿದ್ದರೆ ಇಳಿಯುವ ಹೊತ್ತಿಗೆ ಮುಂದಿನ ರನ್‌ವೇಯೇ ಮರೆಯಾಗುತ್ತದೆ, ಏಕೆಂದರೆ ಇಳಿಯುವಾಗ ವಿಮಾನ ಮೂತಿಯೆತ್ತಿರುತ್ತದೆ. 1974ರಲ್ಲಿ ಮೊದಲು ಹಾರಿದ ಅಮೆರಿಕದ ಎಫ್-16 ವಿಮಾನದಲ್ಲಿ ಮೂತಿಯ ಮೇಲಿಂದ 15 ಡಿಗ್ರಿ, ಪಕ್ಕದಲ್ಲಿ 40 ಡಿಗ್ರಿ ಕೆಳಗಿನವರೆಗೂ ಕಾಣುತ್ತದಂತೆ. ಪೈಲಟ್‌ನ ಕಣ್ಣ ಮುಂದೆ ಒಂದೇ ಒಂದು ಅಡ್ಡಪಟ್ಟಿಯಿಲ್ಲದೆ ಗಾಜು ಗುಳ್ಳೆಯ ಹಾಗೆ ಮುಂದಿನಿಂದ ಹಿಂದಕ್ಕೆ ಬಾಗಿದೆ.

“ಹಾಗಿದ್ರೆ ಎಲ್ಲ ವಿಮಾನಕ್ಕೂ ಹಾಗೇ ಮಾಡಬಹುದಲ್ಲ?” ಎಂದೆ. ಅವಳು ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ.

ಮೊದಲ ಮಹಾಯುದ್ಧದ ಪೈಲಟ್‌ಗಳು ತೆರೆದ ಗೂಡಿನಲ್ಲಿ ಕುಳಿತು ಹಾರುತ್ತಿದ್ದರು. ಸುತ್ತ ತಿರುಗಿ ನೋಡುವುದೇ ಅವರ ಪ್ರಾಣರಕ್ಷೆ. ತಿರುಗಿಸಿ ತಿರುಗಿಸಿ ಕೋಟಿನ ಗಟ್ಟಿ ಕಾಲರಿಗೆ ಕತ್ತು ಉಜ್ಜಿ ಚರ್ಮ ಸುಲಿಯುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ಅವರ ಕೊರಳಲ್ಲಿ ಕಾಣುವ ರೇಷ್ಮೆಯ ವಸ್ತ್ರ ಶೋಕಿಗೆ ಕಟ್ಟಿದ್ದಲ್ಲ, ಕತ್ತು ಉಳಿಸಿಕೊಳ್ಳಲು ಕಟ್ಟಿದ್ದು. ಆಮೇಲೆ ವೇಗ ಹೆಚ್ಚಿತು, ಗಾಳಿಯ ಹೊಡೆತ ತಡೆಯಲು ಮುಚ್ಚಳ ಬೇಕಾಯಿತು. ದೊಡ್ಡ ಗಾಜನ್ನು ಬೇಕಾದ ಆಕಾರಕ್ಕೆ ಬಾಗಿಸುವುದು ಆಗ ಸುಲಭವಿರಲಿಲ್ಲ. ಸಣ್ಣ ಸಣ್ಣ ತುಂಡುಗಳನ್ನು ಲೋಹದ ಚೌಕಟ್ಟಿಗೆ ಕೂರಿಸಿದರು, ನಮ್ಮ ಹಳೆಯ ಮನೆಗಳ ಕಿಟಕಿಯ ಹಾಗೆ. ಹಿಂಬದಿಯಲ್ಲಂತೂ ವಿಮಾನದ ಬೆನ್ನೇ ಗೋಡೆಯಾಗಿ ಎದ್ದಿರುತ್ತಿತ್ತು. ಆಕಾಶದ ಯುದ್ಧದಲ್ಲಿ ಹೊಡೆತ ತಿಂದವರಲ್ಲಿ ಬಹಳ ಮಂದಿ ಹೊಡೆದವನನ್ನು ಕಂಡಿರಲೇ ಇಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಕ್ರಿಲಿಕ್ ಹಾಳೆಯನ್ನು ಬಿಸಿಮಾಡಿ ಪೂರಿ ಉಬ್ಬಿಸಿದ ಹಾಗೆ ಉಬ್ಬಿಸುವುದನ್ನು ಕಲಿತರು. 1944ರಲ್ಲಿ ಯುದ್ಧಕ್ಕೆ ಬಂದ ಅಮೆರಿಕದ ಮಸ್ಟಾಂಗ್ ವಿಮಾನದ ಹೊಸ ಮಾದರಿಯಲ್ಲಿ ಪೈಲಟ್‌ನ ಹಿಂದಿದ್ದ ಬೆನ್ನನ್ನು ತಗ್ಗಿಸಿ ಇಂಥ ಗುಳ್ಳೆಯನ್ನಿಟ್ಟರು. ಹಿಂದಿನದೆಲ್ಲ ಕಂಡಿತು. ಆದರೆ ಬೆನ್ನು ತಗ್ಗಿಸಿದ್ದರಿಂದ ವಿಮಾನ ನೇರ ಹೋಗುವ ಸ್ಥಿರತೆ ಕಡಿಮೆಯಾಗಿ, ಬಾಲದ ಮುಂದೆ ಇನ್ನೊಂದು ಸಣ್ಣ ರೆಕ್ಕೆಯಂಥ ಭಾಗವನ್ನು ಕೂಡಿಸಬೇಕಾಯಿತು. ಉಬ್ಬಿದ ಗಾಜು ಗಾಳಿಗೆ ಅಡ್ಡ ನಿಲ್ಲುತ್ತದೆ, ಬಿಸಿಲನ್ನು ಒಳಗೆ ತುಂಬಿಕೊಳ್ಳುತ್ತದೆ. “ಪುಕ್ಕಟೆ ಯಾವುದೂ ಕಾಣಲ್ಲ ಚಿಕ್ಕಮ್ಮ. ಕಾಣಬೇಕು ಅಂದ್ರೆ ಏನನ್ನಾದ್ರೂ ಬಿಡಬೇಕು” ಎಂದಳು ಪುಟ್ಟಿ. ಅಡ್ಡಪಟ್ಟಿಗಳಿಗೂ ಒಂದು ನ್ಯಾಯವಿದೆ ಎಂದಳು. ಅವು ಕಣ್ಣಿಗೆ ಅಡ್ಡ ನಿಜ, ಆದರೆ ಗಾಜನ್ನು ಎತ್ತಿ ಹಿಡಿದಿರುವುದೂ ಅವೇ.

ಇಷ್ಟೆಲ್ಲ ಮಾಡಿದರೂ ಕೂರುವವರ ಕಣ್ಣು ಆ ಬಿಂದುವಿಗೆ ಬರದಿದ್ದರೆ? ಅಮೆರಿಕದ ವಾಯುಪಡೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತಂತೆ. 1950ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್‌ಗಳ ಮೈ ಅಳತೆ ತೆಗೆದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಅಧಿಕಾರಿ ಎತ್ತರ, ಎದೆ, ತೋಳು ಹೀಗೆ ಹತ್ತು ಅಳತೆಗಳನ್ನು ಆರಿಸಿ, ಹತ್ತರಲ್ಲಿಯೂ ಸರಾಸರಿಯವನು ಎನ್ನಬಹುದಾದವರು ಎಷ್ಟು ಮಂದಿಯೆಂದು ಲೆಕ್ಕ ಹಾಕಿದ. ಒಬ್ಬನೂ ಇರಲಿಲ್ಲ! ಎಲ್ಲರಿಗಾಗಿ ಎಂದು ಮಾಡಿದ ಕಾಕ್‌ಪಿಟ್ ನಿಜವಾಗಿ ಯಾರಿಗೂ ಮಾಡಿದ್ದಾಗಿರಲಿಲ್ಲ. ಕುರ್ಚಿಯನ್ನು ಮೇಲೆ ಕೆಳಗೆ ಮಾಡುವಂತಿರಬೇಕು, ಕಾಲಿನ ಪೆಡಲನ್ನು ಹಿಂದೆ ಮುಂದೆ ಸರಿಸುವಂತಿರಬೇಕು ಎಂಬುದು ಆಮೇಲೆ ನಿಯಮವಾಯಿತು.

ಇದು ನಮಗೆ ಹೊಸದೇ? ನಮ್ಮ ಅಡುಗೆಮನೆಯ ಕಟ್ಟೆಗಳನ್ನು ನೋಡಿ. ಗಾರೆಯವನು ತನ್ನ ಸೊಂಟಕ್ಕೆ ಹಿಡಿದು ಗೆರೆ ಹಾಕಿಹೋಗುತ್ತಾನೆ, ಐದಡಿಯೂ ಇಲ್ಲದ ಹೆಂಗಸು ಜೀವಮಾನವೆಲ್ಲ ಮಣೆಯ ಮೇಲೆ ನಿಂತು ಒಗ್ಗರಣೆ ಹಾಕುತ್ತಾಳೆ. ನಮ್ಮತ್ತೆ ಹಾಗೆಯೇ ನಿಲ್ಲುತ್ತಿದ್ದರು. ಕಟ್ಟೆ ಎತ್ತರವಾಯಿತು ಎಂದು ನಮಗೆ ಹೊಳೆದಿರಲಿಲ್ಲ, ಅತ್ತೆ ಗಿಡ್ಡ ಎಂದೇ ಅಂದುಕೊಂಡಿದ್ದೆವು.

ಇಲ್ಲಿಯವರೆಗೆ ಎಲ್ಲವೂ ಕೇಳಲು ಸೊಗಸಾಗಿತ್ತು. ಆಮೇಲೆ ಪುಟ್ಟಿ ಹೇಳಿದ ಒಂದು ಮಾತಿನಿಂದ ನಾನು ಈ ಲೇಖನ ಬರೆಯುವಂತಾಗಿದೆ.

“ಒಂದು ವಿಮಾನ ನಿಮಗೆ ಡಿಕ್ಕಿ ಹೊಡೆಯೋಕೆ ಬರ್ತಿದೆ ಅಂದ್ಕೊಳ್ಳಿ. ಅದು ಗಾಜಿನ ಮೇಲೆ ಹೇಗೆ ಕಾಣುತ್ತೆ ಹೇಳಿ?”

“ಸರ್ರನೆ ಅಡ್ಡ ಬಂದ ಹಾಗೆ ಕಾಣುತ್ತೆ, ಇನ್ನೇನು.”

“ಇಲ್ಲ. ಅಡ್ಡ ಸರಿದುಹೋಗೋದು ನಿಮಗೆ ತಾಗಲ್ಲ. ಎರಡೂ ವಿಮಾನ ಒಂದೇ ವೇಗದಲ್ಲಿ ನೇರ ಹೋಗ್ತಾ ಒಂದೇ ಜಾಗಕ್ಕೆ ಸೇರ್ತಿದ್ರೆ, ಅದು ಗಾಜಿನ ಮೇಲೆ ಒಂದು ಚುಕ್ಕೆಯಾಗಿ ಇದ್ದಲ್ಲೇ ಇರುತ್ತೆ. ಅಲುಗಾಡೋದೇ ಇಲ್ಲ. ಅಲುಗಾಡದ್ದನ್ನ ಕಣ್ಣು ಗಮನಿಸಲ್ಲ. ಅದು ದೊಡ್ಡದಾಗೋದು ಕೊನೇ ಕೆಲವೇ ಸೆಕೆಂಡಲ್ಲಿ. ಆ ಚುಕ್ಕೆಯೇನಾದ್ರೂ ಅಡ್ಡಪಟ್ಟಿ ಹಿಂದೆ ಸಿಕ್ಕಿಕೊಂಡ್ರೆ ಮುಗೀತು, ಕೊನೇವರೆಗೂ ಪಟ್ಟಿ ಹಿಂದೇನೇ ಇರುತ್ತೆ.”

“ಹಾಗಾದ್ರೆ ಏನು ಮಾಡ್ತಾರೆ?”

“ಪಟ್ಟಿ ಸಣ್ಣದಿರಬೇಕು. ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಸಣ್ಣದಿದ್ರೆ ಒಂದು ಕಣ್ಣಿಗೆ ಮರೆಯಾಗಿದ್ದು ಇನ್ನೊಂದಕ್ಕೆ ಕಾಣುತ್ತೆ. ಆದರೂ ಸಾಲದು. ಪೈಲಟ್ ತಲೆ ಅಲ್ಲಾಡಿಸ್ಬೇಕು. ಮುಂದೆ ಬಾಗಿ, ಪಕ್ಕಕ್ಕೆ ಬಾಗಿ ನೋಡ್ಬೇಕು. ತಿರುಗೋಕೆ ಮುಂಚೆ ರೆಕ್ಕೆ ಎತ್ತಿ ಅದರ ಕೆಳಗೇನಿದೆ ನೋಡ್ಬೇಕು. ಗಾಜು ಎಷ್ಟೇ ದೊಡ್ಡದು ಮಾಡಿ ಕೊಟ್ರೂ ಕೂತಲ್ಲೇ ಕೂತವರಿಗೆ ಅಲುಗಾಡದ ಚುಕ್ಕೆ ಕಾಣಲ್ಲ.”

ನಾನು ಸುಮ್ಮನಾದೆ. ಪುಟ್ಟಿ, ಅರ್ಥವಾಗಲಿಲ್ಲವೇನೋ ಎಂದುಕೊಂಡು ಮತ್ತೆ ರಂಗೋಲಿ ಹುಡಿಯಲ್ಲಿ ಗೆರೆ ಎಳೆಯತೊಡಗಿದಳು. ಅರ್ಥವಾಗದೆ ಅಲ್ಲ, ಆಗಿದ್ದರಿಂದಲೇ ನಾನು ಸುಮ್ಮನಾದದ್ದು. ಅವಳು ಕುಳಿತಿದ್ದ ಆ ಜಾಗದಲ್ಲಿಯೇ, ಮೆಟ್ಟಿಲ ಕೋಣೆಯ ನೆರಳಿನಲ್ಲಿ, ನಮ್ಮತ್ತೆ ದಿನಾ ಮೊರ ಹಿಡಿದು ಕುಳಿತಿರುತ್ತಿದ್ದರು.

ಇದು 1997ರ ಮಾತು. ನಾನಾಗ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಎರಡು ಮಕ್ಕಳು, ಬೆಳಗಿನ ಡಬ್ಬಿ, ಸಂಜೆಯ ಟ್ಯೂಷನ್ನು, ಮಾರ್ಚಿಯಲ್ಲಿ ಉತ್ತರಪತ್ರಿಕೆಗಳ ರಾಶಿ. ಅತ್ತೆ ನಮ್ಮೊಂದಿಗೆ ಬಂದು ಮೂರು ವರ್ಷವಾಗಿತ್ತು. ಅವರು ಅಕ್ಕಿ ಆರಿಸುವುದು, ಹೂ ಕಟ್ಟುವುದು, ಸಂಜೆ ದೀಪ ಹಚ್ಚುವುದು ಎಲ್ಲ ಹೊತ್ತು ಹೊತ್ತಿಗೆ ನಡೆಯುತ್ತಿತ್ತು. ಅವರಿಗೆ ಹೊತ್ತಿಗೆ ಊಟ, ಹಬ್ಬಕ್ಕೆ ಸೀರೆ, ಕಾಲುನೋವಿಗೆ ಎಣ್ಣೆ, ಯಾವುದಕ್ಕೂ ನಾನು ಕೊರತೆ ಮಾಡಿರಲಿಲ್ಲ. “ಅತ್ತೆಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ” ಎಂದು ನಮ್ಮ ಕಡೆಯವರೆಲ್ಲ ಹೇಳುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಆ ವರ್ಷ ಅನ್ನದಲ್ಲಿ ಕಲ್ಲು ಸಿಗಲು ಶುರುವಾಯಿತು. ಒಮ್ಮೆ ಸಿಕ್ಕಿತು, ಸುಮ್ಮನಿದ್ದೆ. ಆಮೇಲೆ ಅವರು ಆರಿಸಿದ ಅಕ್ಕಿಯನ್ನು ನಾನು ರಾತ್ರಿ ಮತ್ತೆ ಆರಿಸತೊಡಗಿದೆ, ಗೊಣಗಿಕೊಂಡು. ಒಂದು ಭಾನುವಾರ ನಮ್ಮವರ ಆಫೀಸಿನವರು ಊಟಕ್ಕೆ ಬಂದಾಗ ಅತಿಥಿಯ ಹಲ್ಲಿಗೇ ಕಲ್ಲು ಸಿಕ್ಕಿತು. ಕಟಕ್ ಎಂದ ಸದ್ದು ಅಡುಗೆಮನೆಯವರೆಗೂ ಕೇಳಿತು. ಅವರೆಲ್ಲ ಹೋದ ಮೇಲೆ ನಾನು ಪಾತ್ರೆ ಕುಕ್ಕುತ್ತಾ, “ಕಣ್ಣು ಎಲ್ಲಿಟ್ಟುಕೊಂಡು ಆರಿಸಿದಿರಿ ಅತ್ತೆ?” ಎಂದುಬಿಟ್ಟೆ.

ಅತ್ತೆ ಏನೂ ಅನ್ನಲಿಲ್ಲ. ಮಾರನೆಯ ದಿನ ಎಂದಿಗಿಂತ ಎರಡು ಗಂಟೆ ಹೆಚ್ಚು ಹೊತ್ತು ಮೊರ ಹಿಡಿದು ಕುಳಿತಿದ್ದರು. ಆಗಲೂ ನನಗೆ ಹೊಳೆಯಲಿಲ್ಲ.

ಒಂದು ತಿಂಗಳ ನಂತರ ಒಂದು ಸಂಜೆ ಶಾಲೆಯಿಂದ ಬೇಗ ಬಂದೆ. ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಗೀಚಿದ ಬೆಂಕಿಕಡ್ಡಿಯನ್ನು ಬತ್ತಿಯ ಪಕ್ಕ, ಒಂದು ಬೆರಳಿನಷ್ಟು ಆಚೆ, ಏನೂ ಇಲ್ಲದ ಗಾಳಿಗೆ ಹಿಡಿದಿದ್ದರು. ಕಡ್ಡಿ ಉರಿದು ಉರಿದು ಬೆರಳಿಗೆ ಬಂತು. ಅದನ್ನು ಕೆಡವಿ, ಬೆರಳನ್ನು ಸೆರಗಿಗೆ ಒತ್ತಿಕೊಂಡು, ಇನ್ನೊಂದು ಕಡ್ಡಿ ಗೀಚಿದರು. ಮತ್ತೆ ಹಾಗೆಯೇ. ಮೂರನೆಯ ಸಲ ಎಡಗೈಯಿಂದ ಬತ್ತಿಯನ್ನು ಮುಟ್ಟಿ ಗುರುತು ಹಿಡಿದು ಹಚ್ಚಿದರು. ನಾನು ಬಾಗಿಲಲ್ಲಿ ಚೀಲ ಹಿಡಿದು ನಿಂತೇ ಇದ್ದೆ. ನಾನು ಅಲ್ಲಿರುವುದು ಅವರಿಗೆ ತಿಳಿಯಲಿಲ್ಲ. ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಮೇಲೆ ಹಳೆಯ ಸುಟ್ಟ ಕಲೆಗಳು ಎಷ್ಟಿದ್ದವೆಂದು ಅಂದು ರಾತ್ರಿ ಎಣಿಸಿದೆ.

ಕಣ್ಣಿನ ಡಾಕ್ಟರು ಟಾರ್ಚು ಹಿಡಿದು ನೋಡಿ, ಎರಡೂ ಕಣ್ಣಿನ ಪೊರೆ ಬಲಿತಿದೆ ಎಂದರು. “ಕಡಿಮೆ ಅಂದ್ರೂ ಎರಡು ವರ್ಷದಿಂದ ಇದೆ. ಮನೇಲಿ ಯಾರಿಗೂ ಗೊತ್ತಾಗಲಿಲ್ವಾ?” ಎಂದು ಕೇಳಿದರು. ಬೈದು ಕೇಳಿದ್ದಲ್ಲ, ಸಹಜವಾಗಿಯೇ ಕೇಳಿದ್ದು. “ಗೊತ್ತಾಗಲಿಲ್ಲ ಡಾಕ್ಟ್ರೇ” ಎಂದೆ. ಅದು ನಿಜವೇ. ನಾನು ಸುಳ್ಳು ಹೇಳಲಿಲ್ಲ. ಆದರೆ ಆ ನಿಜ ಹೇಳುವಾಗ ನನಗೆ ಸುಳ್ಳು ಹೇಳಿದವಳಿಗಿಂತ ಹೆಚ್ಚು ನಾಚಿಕೆಯಾಯಿತು. ಏಕೆ?

ಈ ‘ಏಕೆ’ ನನ್ನನ್ನು ಬಹಳ ವರ್ಷ ಕಾಡಿದೆ. ಕಂಡೂ ಮಾಡದಿದ್ದರೆ ಅದು ತಪ್ಪು, ಒಪ್ಪೋಣ. ಕಾಣದೇ ಇದ್ದದ್ದಕ್ಕೆ ಯಾರು ತಾನೆ ಏನು ಮಾಡಲಾದೀತು? ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ನ್ಯಾಯಾಲಯದಲ್ಲಿಯೂ ಕೇಳುತ್ತಾರೆ, ದೇವರ ಮುಂದೆಯೂ ಹೇಳುತ್ತೇವೆ. ಗೊತ್ತಿದ್ದೂ ಮಾಡಿದ, ಗೊತ್ತಿಲ್ಲದೆಯೂ ಮಾಡಿದ ತಪ್ಪುಗಳನ್ನು ಕ್ಷಮಿಸು ಎಂದು ಕೈಮುಗಿಯುತ್ತೇವೆ. ಗೊತ್ತಿಲ್ಲದೆ ಮಾಡಿದ್ದು ತಪ್ಪೇ ಅಲ್ಲವಾದರೆ ಕ್ಷಮೆ ಕೇಳುವುದೇಕೆ?

ಪುಟ್ಟಿಯ ಚುಕ್ಕೆ ನನಗೆ ಒಂದು ಉತ್ತರವನ್ನು ತೋರಿಸಿತು. ಪಟ್ಟಿಯ ಹಿಂದೆ ವಿಮಾನ ಕಾಣದಿರುವುದು ಪೈಲಟ್‌ನ ತಪ್ಪಲ್ಲ. ಪಟ್ಟಿಯೊಂದು ಇದೆ ಎಂದು ತಿಳಿದೂ ತಲೆ ಬಾಗಿಸದಿರುವುದು ಅವನ ತಪ್ಪು. ನನಗೆ ಅತ್ತೆಯ ಕಣ್ಣಿನ ಪೊರೆ ಕಾಣಲಿಲ್ಲ ಎಂಬುದಕ್ಕಲ್ಲ ನಾನು ನಾಚಿದ್ದು. ಅವರು ದಿನಾ ಅದೇ ಮೂಲೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಮೊರ ಹಿಡಿದು ಇದ್ದಲ್ಲೇ ಇದ್ದದ್ದರಿಂದ, ಇಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ನಾನು ಎರಡು ವರ್ಷ ಕತ್ತು ತಿರುಗಿಸಿರಲಿಲ್ಲ. ಜ್ವರ ಬಂದ ಮಗು ಅಳುತ್ತದೆ, ಕೋಪಬಂದ ಗಂಡ ಬಾಗಿಲು ಬಡಿಯುತ್ತಾನೆ, ಅವು ಅಲುಗಾಡುವ ಚುಕ್ಕೆಗಳು, ಕಣ್ಣಿಗೆ ಬೀಳುತ್ತವೆ. ಅತ್ತೆ ಅಲುಗಾಡಲಿಲ್ಲ. ಆಮೇಲೆ ಕೇಳಿದಾಗ, “ನಿನಗೇ ಉಸಿರಾಡೋಕೆ ಪುರುಸೊತ್ತಿಲ್ಲ, ಇದೊಂದು ಬೇರೆ ಯಾಕೆ ಅಂತ ಸುಮ್ಮನಿದ್ದೆ ಕಣೇ” ಎಂದರು.

ನಮ್ಮ ಭಾಷೆಯಲ್ಲಿ ‘ನೋಡುವುದು’ ಮತ್ತು ‘ನೋಡಿಕೊಳ್ಳುವುದು’ ಎಷ್ಟು ಹತ್ತಿರದ ಮಾತುಗಳು! ಹಿರಿಯರು ಸುಮ್ಮನೆ ಮಾಡಿದ್ದಿರಲಾರದು. ನೋಡದೆ ನೋಡಿಕೊಳ್ಳಲು ಬರುವುದಿಲ್ಲ ಎಂದು ಅವರಿಗೆ ತಿಳಿದಿರಬೇಕು. ನಾನಾದರೋ ಹೊತ್ತಿಗೆ ಊಟ, ಹಬ್ಬಕ್ಕೆ ಸೀರೆ ಕೊಟ್ಟು ನೋಡಿಕೊಂಡಿದ್ದೆ, ನೋಡಿರಲಿಲ್ಲ. ನನ್ನ ಕಣ್ಣಿಗೆ ಅಡ್ಡವಾದ ಪಟ್ಟಿಗಳು ಯಾವುವು? ಸೋಮಾರಿತನವಲ್ಲ, ದ್ವೇಷವಲ್ಲ. ಶಾಲೆಯ ಕೆಲಸ, ಮಕ್ಕಳ ಓದು, ಒಳ್ಳೆಯ ಸೊಸೆಯೆಂಬ ಹೆಸರು. ನನ್ನ ಬದುಕನ್ನು ಎತ್ತಿ ಹಿಡಿದಿದ್ದ ಚೌಕಟ್ಟೂ ಅವೇ. ಅವನ್ನು ಕಿತ್ತು ಎಸೆಯುವಂತಿರಲಿಲ್ಲ, ಎಸೆಯಬೇಕಾಗಿಯೂ ಇರಲಿಲ್ಲ. ಕತ್ತು ತಿರುಗಿಸಬೇಕಾಗಿತ್ತು, ಅಷ್ಟೆ. ನಮ್ಮನ್ನು ಕುರುಡು ಮಾಡುವುದು ಕೆಟ್ಟತನವೊಂದೇ ಎಂದು ನಾನು ತಿಳಿದಿದ್ದೆ. ನಮ್ಮ ಒಳ್ಳೆಯತನಕ್ಕೂ ಒಂದು ಹಿಂಬದಿಯ ಗೋಡೆಯಿರುತ್ತದೆ.

ಅತ್ತೆಯ ಕಣ್ಣಿಗೆ ಆಪರೇಷನ್ ಆಯಿತು. ಅವರ ಅಕ್ಕನಿಗೆ ಹಿಂದೆ ಶಿಬಿರದಲ್ಲಿ ಪೊರೆ ತೆಗೆಸಿ ಸೋಡಾಬುಡ್ಡಿ ಕನ್ನಡಕ ಹಾಕಿದ್ದರು, ಮೆಟ್ಟಿಲು ಎಲ್ಲಿ ಕೊನೆಯಾಗುತ್ತದೆಂದು ಆ ಕನ್ನಡಕದಲ್ಲಿ ತಿಳಿಯುತ್ತಿರಲಿಲ್ಲ. ಅತ್ತೆಗೆ ಅದರ ಭಯ. “ಈಗ ಕಣ್ಣೊಳಗೇ ಲೆನ್ಸ್ ಇಡ್ತೀವಿ ಅಜ್ಜಿ” ಎಂದು ಡಾಕ್ಟರು ಧೈರ್ಯ ಹೇಳಿದರು. 1992ರಲ್ಲಿ ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಎಂಬ ಘಟಕ ತೆರೆದು ಆ ಲೆನ್ಸುಗಳನ್ನು ಕಡಿಮೆ ಬೆಲೆಗೆ ಮಾಡತೊಡಗಿದ ಮೇಲೆ ನಮ್ಮಂಥವರಿಗೂ ಅವು ಕೈಗೆಟುಕುವಂತಾಗಿದ್ದವು.

ಆ ಲೆನ್ಸಿನ ಹುಟ್ಟನ್ನು ಪುಟ್ಟಿಯಿಂದ ಕೇಳಿದಾಗ ನನ್ನ ಮೈ ಜುಮ್ಮೆಂದಿತು. 1940ರ ಆಗಸ್ಟ್ 15ರಂದು ಇಂಗ್ಲೆಂಡಿನ ಗಾರ್ಡನ್ ಕ್ಲೀವರ್ ಎಂಬ ಪೈಲಟ್‌ನ ವಿಮಾನಕ್ಕೆ ಗುಂಡು ತಗಲಿ, ಕಾಕ್‌ಪಿಟ್ಟಿನ ಅಕ್ರಿಲಿಕ್ ಮುಚ್ಚಳ ಒಡೆದು ಚೂರುಗಳು ಅವನ ಕಣ್ಣುಗಳಿಗೆ ನಾಟಿದವು. ಒಂದು ಕಣ್ಣು ಹೋಯಿತು. ಇನ್ನೊಂದರಲ್ಲಿ ಚೂರುಗಳು ಉಳಿದೇ ಇದ್ದವು. ಕಣ್ಣಿಗೆ ಹೊರಗಿನದೇನು ಬಿದ್ದರೂ ಕೆಂಪಾಗಿ ಬಾತುಕೊಳ್ಳುತ್ತದಲ್ಲ, ಇವು ಮಾತ್ರ ಏನೂ ಮಾಡದೆ ತೆಪ್ಪಗಿದ್ದವು. ಹೆರಾಲ್ಡ್ ರಿಡ್ಲಿ ಎಂಬ ಕಣ್ಣಿನ ವೈದ್ಯ ಇಂಥ ಗಾಯಾಳುಗಳಲ್ಲಿ ಇದನ್ನು ಗಮನಿಸಿದ್ದ. ಮುಂದೆ ಅದೇ ಅಕ್ರಿಲಿಕ್‌ನಲ್ಲಿ ಪುಟ್ಟ ಲೆನ್ಸ್ ಮಾಡಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ಕಣ್ಣಿನಲ್ಲಿ ಇಟ್ಟ. ವೈದ್ಯ ಲೋಕ ಅದನ್ನು ಒಪ್ಪಲು ಹಲವು ವರ್ಷ ಬೇಕಾಯಿತು. ಯುದ್ಧದ ಪೈಲಟ್ ಹೊರಗೆ ನೋಡಲೆಂದು ಮಾಡಿದ ವಸ್ತು ನಮ್ಮತ್ತೆ ಅಕ್ಕಿಯ ಕಲ್ಲು ನೋಡುವುದಕ್ಕೆ ಬಂದದ್ದು ಈ ದಾರಿಯಿಂದ.

ಇದನ್ನು ಕೇಳಿ ಯುದ್ಧದಿಂದಲೂ ಒಳ್ಳೆಯದಾಗುತ್ತದೆ ಎಂದು ನೆಮ್ಮದಿಯಿಂದ ಹೇಳಿಬಿಡಬಹುದೇ? ನನಗೆ ಧೈರ್ಯವಿಲ್ಲ. ಲೆನ್ಸನ್ನು ಕೊಟ್ಟದ್ದು ಯುದ್ಧವಲ್ಲ, ಎಲ್ಲರ ಕಣ್ಣಿಗೂ ಬಿದ್ದಿದ್ದನ್ನು ತಲೆ ಬಾಗಿಸಿ ನೋಡಿದ ಒಬ್ಬ ವೈದ್ಯ. ಚೂರುಗಳು ಕಣ್ಣಿನಲ್ಲಿ ಅಲುಗಾಡದೆ ಇದ್ದವು, ಅವನು ಆ ಅಲುಗಾಡದ್ದನ್ನೇ ಗಮನಿಸಿದ.

ಇನ್ನೊಂದು ನೆನಪೂ ಇಲ್ಲಿ ಬರುತ್ತದೆ. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆಂದು ಬೆಂಗಳೂರಿಗೆ ಕರೆದೊಯ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ತೋರಿಸಿದ್ದರು. ‘ಮರುತ್’ ಎಂಬ ಯುದ್ಧವಿಮಾನವನ್ನು ನಾನು ಮೊದಲು ಕಂಡದ್ದು ಹೀಗೆ. ಬೆಂಗಳೂರಿನಲ್ಲಿ ಹುಟ್ಟಿ 1961ರಲ್ಲಿ ಮೊದಲು ಹಾರಿದ ಅದನ್ನು ರೂಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್. ಅದಕ್ಕೆ ಮೊದಲು ಹಿಟ್ಲರನ ಕಾಲದಲ್ಲಿ ಅವರು ಮಾಡಿದ ಫೋಕೆವುಲ್ಫ್ 190 ವಿಮಾನದಲ್ಲಿ ಪೈಲಟ್‌ಗೆ ಸುತ್ತಲೂ ಬಹಳ ಚೆನ್ನಾಗಿ ಕಾಣುತ್ತಿತ್ತೆಂದು ಪುಟ್ಟಿ ಹೊಗಳಿದಳು. ಟ್ಯಾಂಕ್ ಸ್ವತಃ ಪೈಲಟ್, ಏನು ಕಾಣಬೇಕೆಂದು ಬಲ್ಲವರು. ಆದರೆ ಆ ಯುದ್ಧದ ಕಾಲದಲ್ಲಿ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಸೆರೆಹಿಡಿದು ತಂದವರಿಂದ ಬಲವಂತವಾಗಿ ದುಡಿಸಿಕೊಂಡದ್ದೂ ಚರಿತ್ರೆಯಲ್ಲಿದೆ. ಆಕಾಶದ ಸಾಸಿವೆಯಷ್ಟು ಚುಕ್ಕೆಯೂ ತಪ್ಪದಂತೆ ಗಾಜು ಬಾಗಿಸಿದ ಜನಕ್ಕೆ ಪಕ್ಕದ ಮೇಜಿನಲ್ಲಿ ಹಸಿದು ನಿಂತವನು ಕಾಣಲಿಲ್ಲವೇ? ಕನ್ನಡದ ‘ಕಾಣು’ವಿಗೆ ಎರಡು ಅರ್ಥ. ಕಣ್ಣಿಗೆ ಬೀಳುವುದು ಒಂದು, ಮಗಳಂತೆ ಕಂಡರು, ಮನುಷ್ಯರಂತೆ ಕಂಡರು ಎನ್ನುತ್ತೇವಲ್ಲ, ಅದು ಇನ್ನೊಂದು. ಮೊದಲನೆಯದಕ್ಕೆ ಗಾಜು ಮಾಡಿಕೊಡಬಹುದು. ಎರಡನೆಯದನ್ನು ಯಾವ ಎಂಜಿನಿಯರೂ ಮಾಡಿಕೊಡಲಾರರು.

ಪುಟ್ಟಿಗೂ ಇದನ್ನೇ ಕೇಳಿದೆ. “ನೀನು ಮಾಡೋ ಗಾಜಿನಿಂದ ನೋಡೋದು ಹೊಡೆಯೋದಕ್ಕೇ ಅಲ್ವೇನೇ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು ಚಿಕ್ಕಮ್ಮ. ಆದರೆ ಕಾಣದೆ ಹೊಡೆಯೋದಕ್ಕಿಂತ ಕಂಡು ಹೊಡೆಯದೇ ಇರೋಕೂ ಗಾಜು ಬೇಕು” ಎಂದಳು. ಅದು ಪೂರ್ತಿ ಉತ್ತರವಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ಪ್ರಶ್ನೆಯನ್ನು ಪಟ್ಟಿಯ ಹಿಂದೆ ಅಡಗಿಸದೆ ಹೇಳಿದಳಲ್ಲ ಎಂದು ನನಗೆ ಸಮಾಧಾನವಾಯಿತು.

ಕಿರಣ್ ವಿಮಾನಗಳಲ್ಲಿ ಗುರು ಶಿಷ್ಯರು ಅಕ್ಕಪಕ್ಕ ಕೂರುತ್ತಿದ್ದರು. 2008ರಲ್ಲಿ ಬೀದರಿಗೆ ಬಂದ ‘ಹಾಕ್’ ವಿಮಾನಗಳಲ್ಲಿ ಶಿಷ್ಯ ಮುಂದೆ, ಗುರು ಹಿಂದೆ. ಶಿಷ್ಯನ ತಲೆಯ ಮೇಲಿಂದ ಮುಂದಿನದು ಕಾಣಲೆಂದು ಹಿಂದಿನ ಕುರ್ಚಿಯನ್ನು ಎತ್ತರಿಸಿದ್ದಾರೆ. ಮಿಗ್-21ರ ತರಬೇತಿ ವಿಮಾನದಲ್ಲಿ ಹಿಂದೆ ಕೂತ ಗುರುವಿಗೆ ಮುಂದೆ ಕಾಣದೆ ಪೆರಿಸ್ಕೋಪಿನ ಕನ್ನಡಿ ಇಡಬೇಕಾಗಿತ್ತಂತೆ. 2016ರಲ್ಲಿ ನಮ್ಮ ವಾಯುಪಡೆಯ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ಈ ಹಾಕ್‌ಗಳಲ್ಲಿ ಕಲಿಯಲು ಬೀದರಿಗೇ ಬಂದಿದ್ದರು. 2018ರಲ್ಲಿ ಅವನಿ ಜಾಮ್‌ನಗರದಿಂದ ಮಿಗ್-21ನ್ನು ಒಬ್ಬಳೇ ಹಾರಿಸಿದಳು. ಹಿಂದೆ ಸರಿಯಾಗಿ ಕಾಣುವುದಿಲ್ಲವೆಂದು ಹೆಸರಾದ ಆ ಹಳೆಯ ವಿಮಾನ, 2025ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾಯಿತು. ಅದರಲ್ಲಿ ಕುಳಿತ ಹುಡುಗಿ ಎಷ್ಟು ಸಲ ಕತ್ತು ತಿರುಗಿಸಿರಬೇಕು ಎಂದು ಮಹಡಿಯಲ್ಲಿ ಕುಳಿತು ಯೋಚಿಸುತ್ತೇನೆ.

ಆಪರೇಷನ್ ಆದ ಮೇಲೆ ಅತ್ತೆಯ ಪಟ್ಟಿ ಬಿಚ್ಚಿದ ದಿನದ ಮಾತೊಂದನ್ನು ಹೇಳದೆ ಮುಗಿಸಲಾರೆ. ಮನೆಗೆ ಬಂದು ಕುರ್ಚಿಯಲ್ಲಿ ಕುಳಿತು ಗೋಡೆ, ಕ್ಯಾಲೆಂಡರು, ಮೊಮ್ಮಕ್ಕಳ ಮುಖ ಎಲ್ಲವನ್ನೂ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಮುಖವನ್ನು ಬೆಳಕಿಗೆ ತಿರುಗಿಸಿ, “ಏನೇ ಇದು, ಇಷ್ಟೊಂದು ನರೆ ಬಂದಿದೆ ನಿನಗೆ! ಕಣ್ಣ ಕೆಳಗೆ ಕಪ್ಪು. ನಿನ್ನನ್ನ ಯಾರೂ ನೋಡ್ಲೇ ಇಲ್ವಲ್ಲೇ” ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷ ಆ ಮನೆಯಲ್ಲಿ ಕಾಣದೇ ಉಳಿದವರು ಅವರೊಬ್ಬರೇ ಆಗಿರಲಿಲ್ಲ.

ಅತ್ತೆ ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು. ಇವರು ನಿವೃತ್ತರಾಗಿ ದಿನಾ ಬೆಳಿಗ್ಗೆ ವರಾಂಡದಲ್ಲಿ ಅದೇ ಕುರ್ಚಿಯಲ್ಲಿ ಪೇಪರು ಹಿಡಿದು ಕುಳಿತಿರುತ್ತಾರೆ. ನಿನ್ನೆ ಇಷ್ಟು ಬರೆದು, ಕಾಫಿ ಕೊಡಲು ಹೋದವಳು ಯಾಕೋ ನಿಂತು ನೋಡಿದೆ. ಕುರ್ಚಿ ಗೋಡೆಗೆ ಬೆನ್ನು ಮಾಡಿಕೊಂಡು ಇರುತ್ತಿತ್ತಲ್ಲ, ಈಗ ಓರೆಯಾಗಿದೆ. ಬಲಗಿವಿ ಒಳಬಾಗಿಲ ಕಡೆಗಿದೆ. ಎಡಗಡೆ ನಿಂತು ಮೆಲ್ಲಗೆ ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಬಲಕ್ಕೆ ಬಂದು ಕರೆದಾಗ “ಏನು?” ಎಂದರು.

“ಎಡಗಿವಿ ಕೇಳಲ್ವಾ ನಿಮಗೆ? ಯಾವಾಗಿಂದ?”

“ಒಂದು ವರ್ಷ ಆಯ್ತೇನೋ. ಅದೇನು ದೊಡ್ಡ ವಿಷಯ ಬಿಡು” ಎಂದು ಪೇಪರು ಮಡಿಸಿದರು.

ಅತ್ತೆಯಿಂದ ಕಲಿತೆ, ಪುಟ್ಟಿಯಿಂದ ಕಲಿತೆ ಎಂದು ಇಷ್ಟುದ್ದ ಬರೆದವಳು ನಾನು. ನಾಳೆ ಬೆಳಿಗ್ಗೆ ಹತ್ತಕ್ಕೆ ಕಿವಿಯ ಡಾಕ್ಟರ ಹತ್ತಿರ ಹೋಗಬೇಕು.